ಒದ್ದೆ ಬಟ್ಟೆಯ ಥರ್ಮಾಮೀಟರ್ ಹಿಡಿದ ವೈದ್ಯ

ಬೇಸಿಗೆ ಬಂತೆಂದರೆ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇವತ್ತು ಎಷ್ಟು ಡಿಗ್ರಿ? ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ದಾಟುವುದು ಹೊಸದೇನಲ್ಲ. ಆದರೆ 42 ಡಿಗ್ರಿಯ ಒಣ ಬಿಸಿಲಿನ ದಿನ ಬೇವಿನ ಮರದ ನೆರಳಲ್ಲಿ ಕುಳಿತವರು ಹೇಗೋ ತಡೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ 34 ಡಿಗ್ರಿ ಇದ್ದರೂ ಕಿಟಕಿ ಮುಚ್ಚಿದ ಕಚೇರಿಯಲ್ಲಿ ಕುಳಿತವರು ಬೆವರಿ ಬಸವಳಿಯುತ್ತಾರೆ. ಹೀಗೇಕೆ ಎಂಬುದನ್ನು ತಮ್ಮ ಮೈಮೇಲೆಯೇ ಪ್ರಯೋಗ ಮಾಡಿ, ಅಂಕಿಗಳಲ್ಲಿ ತೋರಿಸಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಜೀವದ ಉಗಮದ ಪಾಠ ಓದಿದವರಿಗೆ ಒಪಾರಿನ್ ಜೊತೆ ಬರುವ ಹಾಲ್ಡೇನ್ ಹೆಸರು ಗೊತ್ತಿರುತ್ತದೆ. ಅವರು ಮಗ, ಜೆ.ಬಿ.ಎಸ್. ಹಾಲ್ಡೇನ್, ಮುಂದೆ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ನಾನು ಹೇಳಹೊರಟಿರುವುದು ತಂದೆಯ ಕಥೆ. ನಮ್ಮ ಪಠ್ಯದಲ್ಲಿ ಅವರ ಹೆಸರಿಲ್ಲ, ಕೆಲಸ ಮಾತ್ರ ಇದೆ. ಉಸಿರಾಟದ ವೇಗವನ್ನು ನಿಯಂತ್ರಿಸುವಲ್ಲಿ ಆಮ್ಲಜನಕಕ್ಕಿಂತ ಇಂಗಾಲದ ಡೈ ಆಕ್ಸೈಡ್‌ನ ಪಾತ್ರವೇ ದೊಡ್ಡದು ಎಂದು ಪ್ರಥಮ ಪಿಯುಸಿಯಲ್ಲಿ ಓದುತ್ತೇವಲ್ಲ, ಅದನ್ನು 1905ರಲ್ಲಿ ಪ್ರೀಸ್ಟ್ಲಿ ಎಂಬ ಸಹೋದ್ಯೋಗಿಯೊಂದಿಗೆ ಸ್ಥಾಪಿಸಿದವರು ಇವರೇ.

ಹಾಲ್ಡೇನ್ ಹುಟ್ಟಿದ್ದು 1860ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. 1884ರಲ್ಲಿ ವೈದ್ಯ ಪದವಿ ಮುಗಿಸಿ ಡಂಡೀ ಪಟ್ಟಣಕ್ಕೆ ಹೋದರು. ನಮ್ಮ ಬಂಗಾಳದ ಸೆಣಬು ಹಡಗಿನಲ್ಲಿ ಹೋಗಿ ಚೀಲವಾಗುತ್ತಿದ್ದ ಊರದು. ಗಿರಣಿ ಕಾರ್ಮಿಕರ ಕುಟುಂಬಗಳು ಒಂದೊಂದೇ ಕೋಣೆಯ ಮನೆಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದವು. ಹಾಲ್ಡೇನ್ ಮತ್ತು ರಸಾಯನಶಾಸ್ತ್ರದ ಪ್ರಾಧ್ಯಾಪಕ ಕಾರ್ನೆಲಿ ಮಧ್ಯರಾತ್ರಿ ಕಳೆದ ಮೇಲೆ ಬಾಟಲಿಗಳನ್ನು ಹಿಡಿದು ಆ ಮನೆಗಳ ಬಾಗಿಲು ತಟ್ಟುತ್ತಿದ್ದರು. ಮಲಗಿದವರ ಕೋಣೆಯ ಗಾಳಿಯನ್ನು ತುಂಬಿಕೊಂಡು ತಂದು ಪರೀಕ್ಷಿಸುತ್ತಿದ್ದರು. ಶಾಲೆಗಳ ಗಾಳಿಯನ್ನೂ ನೋಡಿದರು, ಒಳಚರಂಡಿಯ ಗಾಳಿಯನ್ನೂ ಬಿಡಲಿಲ್ಲ. ಗಾಳಿಯಾಡದ ಶಾಲಾ ಕೋಣೆಗಿಂತ ಚರಂಡಿಯ ಗಾಳಿಯೇ ಎಷ್ಟೋ ವಾಸಿ ಎಂಬ ಫಲಿತಾಂಶ ಬಂತು! 1887ರಲ್ಲಿ ಅದು ಪ್ರಕಟವಾದಾಗ ಶಾಲೆ ನಡೆಸುವವರಿಗೆ ಹೇಗನ್ನಿಸಿತೋ.

ಮುಂದೆ ಅವರು ಆಕ್ಸ್‌ಫರ್ಡ್ ಸೇರಿದರು. ಜನ ತುಂಬಿದ ಕೋಣೆಯಲ್ಲಿ ತಲೆ ಭಾರವಾಗುವುದೇಕೆ ಎಂಬ ಪ್ರಶ್ನೆ ಅಂದಿನ ವೈದ್ಯರನ್ನು ಕಾಡುತ್ತಿತ್ತು. ನಾವು ಬಿಡುವ ಉಸಿರಿನಲ್ಲಿ ಯಾವುದೋ ಕಣ್ಣಿಗೆ ಕಾಣದ ವಿಷ ಇದೆ ಎಂದು ಹಲವರು ನಂಬಿದ್ದರು. ಹಾಲ್ಡೇನ್ ಲೊರೇನ್ ಸ್ಮಿತ್ ಎಂಬ ಗೆಳೆಯರ ಜೊತೆ ಗಾಳಿ ಹೊಗದ ಪೆಟ್ಟಿಗೆಯಂಥ ಸಣ್ಣ ಕೋಣೆಯೊಳಗೆ ಗಂಟೆಗಟ್ಟಲೆ ಕುಳಿತರು. ಅಂಥ ವಿಷ ಯಾವುದೂ ಸಿಗಲಿಲ್ಲ. ಏದುಸಿರು ಬಂದದ್ದು ಇಂಗಾಲದ ಡೈ ಆಕ್ಸೈಡ್ ವಿಪರೀತ ಏರಿದಾಗ ಮಾತ್ರ. ಸಾಮಾನ್ಯ ಕೋಣೆಯಲ್ಲಿ ಅದು ಅಷ್ಟು ಏರುವುದೇ ಇಲ್ಲ. ಹಾಗಾದರೆ ತುಂಬಿದ ಕೋಣೆಯ ಸಂಕಟಕ್ಕೆ ಕಾರಣವೇನು? ಉತ್ತರದ ಮುಖ್ಯ ಎಳೆ ಅವರಿಗೆ ಸಿಕ್ಕಿದ್ದು ಗಣಿಯಲ್ಲಿ.

ಗಣಿಗಳು ಅವರಿಗೆ ಹೊಸತಾಗಿರಲಿಲ್ಲ. ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟವಾದಾಗ ಹೆಚ್ಚಿನವರು ಸಾಯುವುದು ಬೆಂಕಿಯಿಂದಲ್ಲ, ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಎಂದು 1896ರ ವರದಿಯಲ್ಲಿ ತೋರಿಸಿದ್ದರು. ಅದಕ್ಕೂ ಮುನ್ನ ಆ ಅನಿಲವನ್ನು ತಾವೇ ಉಸಿರಾಡಿ, ತಮ್ಮ ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲು ಅದರಿಂದ ತುಂಬುವವರೆಗೆ ಟಿಪ್ಪಣಿ ಬರೆಯುತ್ತ ಕುಳಿತಿದ್ದರು. ಗಣಿಯೊಳಗೆ ಪುಟ್ಟ ಹಕ್ಕಿಯನ್ನು ಪಂಜರದಲ್ಲಿ ಒಯ್ಯುವ ಪದ್ಧತಿ ಅವರ ಸಲಹೆಯಿಂದ ಬಂದದ್ದು. ಮನುಷ್ಯನಿಗಿಂತ ಮೊದಲು ಹಕ್ಕಿ ವಾಲುತ್ತದೆ, ಕಾರ್ಮಿಕ ಓಡಿ ಪಾರಾಗುತ್ತಾನೆ.

ಕಾರ್ನ್‌ವಾಲ್‌ನ ಡೋಲ್ಕೋತ್ ಎಂಬ ತವರದ ಗಣಿ ಆಳವಾದದ್ದು, ಬಿಸಿಯಾದದ್ದು, ಒಳಗೆಲ್ಲ ತೇವ. ಅಲ್ಲಿನ ಕಾರ್ಮಿಕರು ರಕ್ತಹೀನತೆಯಿಂದ ಬಿಳಿಚಿಕೊಂಡಿದ್ದರು. ಕೆಟ್ಟ ಗಾಳಿಯೇ ಕಾರಣ ಎಂದು ಎಲ್ಲರ ಅಂದಾಜು. 1902ರಲ್ಲಿ ಹಾಲ್ಡೇನ್ ಕಂಡುಹಿಡಿದದ್ದು ಕೊಕ್ಕೆಹುಳುವನ್ನು. ಬೆಚ್ಚಗಿನ ತೇವದಲ್ಲಿ ಅದರ ಮರಿಗಳು ಬದುಕಿ ಚರ್ಮದ ಮೂಲಕ ಮೈಯೊಳಗೆ ಹೋಗುತ್ತಿದ್ದವು. (ಬರಿಗಾಲಲ್ಲಿ ಗದ್ದೆಗೆ ಇಳಿಯುವ ನಮ್ಮ ಹಳ್ಳಿಗಳಿಗೂ ಈ ಹುಳು ಅಪರಿಚಿತವಲ್ಲ.) ಕಲ್ಲು ಕೊರೆಯುವವರ ಶ್ವಾಸಕೋಶ ಹಾಳಾಗುವುದು ಕಲ್ಲಿನ ಧೂಳಿನಿಂದ ಎಂಬುದೂ ಅಲ್ಲಿಯೇ ಖಚಿತವಾಯಿತು. ಧೂಳಿಗೆ ಮದ್ದು ನೀರು: ಕೊರೆಯುವಾಗ ನೀರು ಹಾಯಿಸಿದರೆ ಧೂಳು ಏಳುವುದಿಲ್ಲ. ಆದರೆ ಆ ನೀರು ಗಣಿಯ ಗಾಳಿಗೆ ಮತ್ತಷ್ಟು ತೇವ ಸೇರಿಸುತ್ತದೆ. ಒಂದು ಕಾಯಿಲೆ ತಡೆಯಲು ಹೋದರೆ ಇನ್ನೊಂದು ಕಷ್ಟ ಬಾಗಿಲಲ್ಲಿ ನಿಂತಿರುತ್ತದೆ.

ಆ ಕಷ್ಟವನ್ನು ಅಳೆಯಲು ಹಾಲ್ಡೇನ್ ಬಳಸಿದ್ದು ತೀರ ಸರಳ ಉಪಕರಣ: ತುದಿಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೊರಮೈಯಿಂದ ತೇವ ಆವಿಯಾಗುವುದರಿಂದ. ನಮ್ಮ ಮೈಯೂ ಬೆವರಿನ ಮೂಲಕ ಅದನ್ನೇ ಮಾಡುತ್ತದೆ. ಗಾಳಿಯಲ್ಲಿ ಈಗಾಗಲೇ ತೇವ ತುಂಬಿದ್ದರೆ ಬೆವರು ಹರಿಯುತ್ತದೆ, ಆರುವುದಿಲ್ಲ. ಒದ್ದೆ ಥರ್ಮಾಮೀಟರ್ ತೋರಿಸುವುದು ಬೆವರಿನ ಈ ಶಕ್ತಿ ಎಷ್ಟು ಉಳಿದಿದೆ ಎಂಬುದನ್ನು. ಗಣಿಯಲ್ಲಿ, ಪ್ರಯೋಗಾಲಯದ ಬಿಸಿ ಕೋಣೆಯಲ್ಲಿ ಕುಳಿತು ಅವರು 1905ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು. ನಿಂತ ಗಾಳಿಯಲ್ಲಿ, ಅಂಗಿ ಕಳಚಿ ಸುಮ್ಮನೆ ಕುಳಿತವರಿಗೂ ಒದ್ದೆ ಥರ್ಮಾಮೀಟರ್ 31 ಡಿಗ್ರಿ ದಾಟಿದರೆ ಮೈಬಿಸಿ ಏರತೊಡಗುತ್ತದೆ. ಗಾಳಿ ಬೀಸುತ್ತಿದ್ದರೆ ಸುಮಾರು 34ರವರೆಗೆ ತಡೆಯಬಹುದು. ಮೈಮುರಿದು ದುಡಿಯುವವರಿಗೆ ಗಾಳಿ ನಿಂತಿದ್ದರೆ ಸುಮಾರು 26ಕ್ಕೇ ಅಪಾಯ ಶುರು. ಒಣ ಥರ್ಮಾಮೀಟರ್ ಏನು ಹೇಳುತ್ತದೆ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ.

ಈಗ ನಮ್ಮ ಊರಿಗೆ ಬನ್ನಿ. 42 ಡಿಗ್ರಿ ಬಿಸಿಲು, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 20 ಇದ್ದರೆ ಒದ್ದೆ ಥರ್ಮಾಮೀಟರ್ ತೋರಿಸುವುದು ಸುಮಾರು 24. ಬರೀ 34 ಡಿಗ್ರಿ, ಆರ್ದ್ರತೆ ಶೇ 80 ಇದ್ದರೆ ಸುಮಾರು 31, ಅಂದರೆ ಹಾಲ್ಡೇನ್ ಎಳೆದ ಗೆರೆಯ ಮೇಲೆಯೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಬಂಧುಗಳು ನಮ್ಮಲ್ಲಿ ಹಲವರಿಗಿದ್ದಾರೆ. ಅಂಥ ಗಣಿಗಳಿಗೆ ಅನ್ವಯಿಸಿದ 1961ರ ನಿಯಮಾವಳಿ ಈ ಒದ್ದೆ ಥರ್ಮಾಮೀಟರಿನ ಭಾಷೆಯಲ್ಲೇ ಮಾತಾಡುತ್ತದೆ: ಕೆಲಸದ ಜಾಗದಲ್ಲಿ ಅದು 33.5 ಮೀರಬಾರದು, 30.5 ದಾಟಿದರೆ ಸೆಕೆಂಡಿಗೆ ಕನಿಷ್ಠ 1 ಮೀಟರ್ ವೇಗದಲ್ಲಿ ಗಾಳಿ ಹರಿಸಬೇಕು.

ನೆಲದ ಮೇಲೆ, ಮೇಜಿನ ಹಿಂದೆ ಕೂರುವವರ ಕೋಣೆಯಲ್ಲಿ ಆ ಥರ್ಮಾಮೀಟರ್ ನೇತುಹಾಕುವವರು ಕಡಿಮೆ. ಲಿಯೊನಾರ್ಡ್ ಹಿಲ್ ಎಂಬ ಇನ್ನೊಬ್ಬ ವಿಜ್ಞಾನಿ ಕೆಲ ವಿದ್ಯಾರ್ಥಿಗಳನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿದರು. ಅವರು ಬೆವರಿ ಕಂಗೆಟ್ಟಾಗ ಹೊಸ ಗಾಳಿ ಬಿಡಲಿಲ್ಲ, ಒಳಗಿನ ಫ್ಯಾನ್ ಮಾತ್ರ ತಿರುಗಿಸಿದರು. ತಕ್ಷಣ ಎಲ್ಲರಿಗೂ ಜೀವ ಬಂದಂತಾಯಿತು. ಹಳೆಯ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು: ಧಗೆ, ತೇವ ಮತ್ತು ನಿಂತ ಗಾಳಿ.

ನಮ್ಮ ಕಡೆ ಕೂಲರ್ ಇಲ್ಲದ ಕಚೇರಿ, ಅಂಗಡಿ ವಿರಳ. ಒಣ ಮೇ ತಿಂಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದೂ ಎದುರಿನ ಕಿಟಕಿ ತೆರೆದಿದ್ದರೆ. ಬಾಗಿಲು, ಕಿಟಕಿ ಮುಚ್ಚಿ ಕೂಲರ್ ಹಚ್ಚಿದರೆ ಕೋಣೆಯೇ ಡೋಲ್ಕೋತ್ ಗಣಿಯಾಗುತ್ತದೆ. ಸುತ್ತ ಭತ್ತದ ಗದ್ದೆಗಳಲ್ಲಿ ಕಾಲುವೆ ನೀರು ನಿಂತಿರುವ ಸಿಂಧನೂರಿನಲ್ಲಿ ಮಳೆಗಾಲದ ಕೂಲರ್‌ಗಿಂತ ಬರೀ ಫ್ಯಾನ್ ಮೇಲು. ತೇವ ಬಹಳ ದಿನ ಉಳಿದ ಕೋಣೆಯಲ್ಲಿ ಗೋಡೆಗೂ ಹಳೆ ಫೈಲುಗಳಿಗೂ ಬೂಷ್ಟು ಹಿಡಿಯುತ್ತದೆ. ಅದರ ಕಣಗಳು ಸೀನು, ಉಬ್ಬಸ ತರುತ್ತವೆ. ಹೊಸ ಪ್ಲೈವುಡ್ ಕಪಾಟು, ಮೇಜುಗಳಿಂದ ಹೊರಬರುವ ಫಾರ್ಮಾಲ್ಡಿಹೈಡ್ ಕೂಡ ತೇವ ಮತ್ತು ಬಿಸಿ ಹೆಚ್ಚಿದಂತೆ ಹೆಚ್ಚುತ್ತದೆ. ಹಾಗೆಂದು ತೀರ ಒಣ ಗಾಳಿ ಒಳ್ಳೆಯದಲ್ಲ: ಕಣ್ಣು ಉರಿಯುತ್ತದೆ, ಮೂಗು, ಗಂಟಲು ಒಣಗುತ್ತವೆ, ಫ್ಲೂ ವೈರಸ್ ಗಾಳಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕಚೇರಿಗೆ ಶೇ 40ರಿಂದ 60ರ ಆರ್ದ್ರತೆ ಹಿತ ಎನ್ನುವುದು ಇದರಿಂದಲೇ. ಗೋಡೆಯ ಎ.ಸಿ. ತೇವವನ್ನು ಹೀರಿ ಪೈಪಿನಲ್ಲಿ ಹೊರಹಾಕುತ್ತದೆ ನಿಜ, ಆದರೆ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಆಗಾಗ ಕಿಟಕಿ ತೆರೆಯಲೇಬೇಕು.

ಹಾಲ್ಡೇನ್ ಅವರ ಉಳಿದ ಕೆಲಸ ಬಹಳ. ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮುಳುಗುಗಾರರು ನೀರಿನಿಂದ ಹಂತಹಂತವಾಗಿ ಮೇಲೆ ಬರುವ ಕೋಷ್ಟಕ ಅವರದು. 1915ರಲ್ಲಿ ಯುದ್ಧಭೂಮಿಯಲ್ಲಿ ಕ್ಲೋರಿನ್ ದಾಳಿಯಾದಾಗ ಫ್ರಾನ್ಸಿಗೆ ಹೋಗಿ ಬಂದು, ಆ ಅನಿಲವನ್ನು ತಾವೇ ಸೇವಿಸಿ ಮುಖವಾಡ ಪರೀಕ್ಷಿಸಿದರು. (ಗಣಿ ಎಂಜಿನಿಯರ್ ಬೀಡನ್ ನಮ್ಮ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನ ಕಂಡದ್ದೂ ಅದೇ ವರ್ಷ.)

75ರ ವಯಸ್ಸಿನಲ್ಲೂ ಅವರು ಸುಮ್ಮನಿರಲಿಲ್ಲ. ಪರ್ಷಿಯಾದ ತೈಲ ಶುದ್ಧೀಕರಣ ಘಟಕಗಳಲ್ಲಿ ಕಾರ್ಮಿಕರು ಉಷ್ಣಾಘಾತಕ್ಕೆ ತುತ್ತಾಗುತ್ತಿದ್ದುದನ್ನು ತಿಳಿಯಲು ಅಲ್ಲಿಗೇ ಹೋದರು. ಮರಳಿ ಬಂದವರಿಗೆ ನ್ಯುಮೋನಿಯಾ ಆಯಿತು. 1936ರ ಮಾರ್ಚ್ ನಡುವಿನ ಒಂದು ರಾತ್ರಿ ಆಕ್ಸ್‌ಫರ್ಡ್‌ನ ಮನೆಯಲ್ಲಿ ತೀರಿಕೊಂಡರು.

ಅವರ ಆ ಉಪಕರಣಕ್ಕೆ ಬೇಕಾದದ್ದು ಎರಡು ಥರ್ಮಾಮೀಟರ್, ಒಂದು ತುಂಡು ಮಲ್‌ಮಲ್ ಬಟ್ಟೆ, ಒಂದು ಬಟ್ಟಲು ನೀರು. ಒಂದರ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ತುದಿ ನೀರಿನಲ್ಲಿರಲಿ. ರಟ್ಟಿನಿಂದ ಐದು ನಿಮಿಷ ಗಾಳಿ ಬೀಸಿ ಎರಡನ್ನೂ ಓದಿಕೊಳ್ಳಿ. ಗ್ರಂಥಾಲಯ, ಕಚೇರಿ, ಸ್ಟಾಫ್ ರೂಮ್‌ಗಳಲ್ಲಿ ಬೆಳಿಗ್ಗೆ 11ಕ್ಕೂ ಮಧ್ಯಾಹ್ನ 3ಕ್ಕೂ ಒಂದು ವಾರ ಓದಿ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಯನ್ನೇ ಅಚ್ಚು ಹಾಕಬಹುದು.