ತಂತಿಗೆ ಮಾತು ಕಲಿಸಿದ ಗುರು

ಈಚೆಗೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅಂತರ್ಜಾಲದ ಸಂಪರ್ಕ ಬಂದಿದೆ. ಹೊಸ ಮನೆ ಕಟ್ಟುವವರು ಕರೆಂಟಿನ ವಯರಿನಂತೆಯೇ ನೆಟ್‌ವರ್ಕ್ ಕೇಬಲನ್ನೂ ಗೋಡೆಯೊಳಗೆ ಎಳೆಸುತ್ತಾರೆ. ಆ ಕೇಬಲಿನ ಸಿಪ್ಪೆ ಸುಲಿದು ನೋಡಿದರೆ ಒಳಗೆ ಎಂಟು ತೆಳ್ಳನೆಯ ತಂತಿಗಳಿವೆ. ಅವು ಎರಡೆರಡಾಗಿ, ದೀಪದ ಬತ್ತಿ ಹೊಸೆದಂತೆ, ಒಂದಕ್ಕೊಂದು ಹೊಸೆದುಕೊಂಡಿವೆ. ಹೀಗೆ ಹೊಸೆಯುವುದೇಕೆ? ನೇರವಾಗಿ ಇಟ್ಟರೆ ಸಾಲದೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಾವು ಒಬ್ಬ ಮಹನೀಯರ ಬಾಳಿಗೆ ಬಂದು ಸೇರುತ್ತೇವೆ. ಅವರೇ ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರು ದೂರವಾಣಿಯ ಜನಕರೆಂದು ಎಲ್ಲರೂ ಬಲ್ಲರು. ಆದರೆ ಅವರು ಎಲ್ಲಕ್ಕಿಂತ ಮೊದಲು ಉಪಾಧ್ಯಾಯರಾಗಿದ್ದರು ಎಂಬುದು ಹಲವರಿಗೆ ತಿಳಿಯದು.

ಬೆಲ್ಲರು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಾಯಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಬಾಲಕನು ತಾಯಿಯ ಹಣೆಯ ಬಳಿ ಬಾಯಿಟ್ಟು, ತಗ್ಗಿದ ದನಿಯಲ್ಲಿ ಬಿಡಿಸಿ ಬಿಡಿಸಿ ಮಾತನಾಡುತ್ತಿದ್ದನು. ತಂದೆ ಉಚ್ಚಾರಣೆಯ ಬೋಧಕರು. ನಾಲಗೆ, ತುಟಿ, ಗಂಟಲುಗಳ ಸ್ಥಾನವನ್ನು ತೋರಿಸುವ ಹೊಸ ಲಿಪಿಯೊಂದನ್ನು ಅವರು ರಚಿಸಿದ್ದರು. ಕವರ್ಗ ಕಂಠ್ಯ, ಪವರ್ಗ ಓಷ್ಠ್ಯ ಎಂದು ವ್ಯಾಕರಣದ ತರಗತಿಯಲ್ಲಿ ಕಲಿತ ನಮಗೆ ಆ ವಿಚಾರ ಅಪರಿಚಿತವಲ್ಲ. ದನಿ ಎಂದರೇನು, ಅದು ಹೇಗೆ ಹುಟ್ಟುತ್ತದೆ ಎಂಬ ಕುತೂಹಲ ಹೀಗೆ ಮನೆಯಿಂದಲೇ ಅವರಿಗೆ ಬಂದಿತು.

ಕಷ್ಟಗಳೂ ಬೇಗನೆ ಬಂದವು. ಇಬ್ಬರು ಸಹೋದರರು ಕ್ಷಯರೋಗಕ್ಕೆ ತುತ್ತಾದರು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆ ತಾಯಿ 1870ರಲ್ಲಿ ಕೆನಡಾ ದೇಶಕ್ಕೆ ಹೊರಟರು. ಮರುವರ್ಷ ಬೆಲ್ಲರು ಅಮೆರಿಕದ ಬೋಸ್ಟನ್ನಿಗೆ ಹೋಗಿ, ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸತೊಡಗಿದರು. ಅವರ ಶಿಷ್ಯೆಯರಲ್ಲಿ ಒಬ್ಬಳು ಮೇಬಲ್ ಹಬರ್ಡ್. ಐದನೆಯ ವಯಸ್ಸಿನಲ್ಲಿ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡವಳು. 1877ರಲ್ಲಿ ಆಕೆಯೇ ಅವರ ಧರ್ಮಪತ್ನಿಯಾದಳು.

ಹಗಲು ಪಾಠ, ರಾತ್ರಿ ಪ್ರಯೋಗ ಎಂಬಂತೆ ಬೆಲ್ಲರು ದುಡಿದರು. ಥಾಮಸ್ ವಾಟ್ಸನ್ ಎಂಬ ಕುಶಲಿ ಅವರಿಗೆ ಒತ್ತಾಸೆಯಾದರು. 1876ರ ಮಾರ್ಚ್ 7ರಂದು ದೂರವಾಣಿಗೆ ಹಕ್ಕುಪತ್ರ ದೊರೆಯಿತು. ಮೂರು ದಿನಗಳ ಬಳಿಕ ಬೆಲ್ಲರು ಯಂತ್ರದ ಮುಂದೆ ಆಡಿದ ಮಾತು ತಂತಿಯ ಮೂಲಕ ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್ನರಿಗೆ ಕೇಳಿಸಿತು. ಎಲಿಷಾ ಗ್ರೇ ಎಂಬವರೂ ಬೆಲ್ಲರ ಅರ್ಜಿ ಸಲ್ಲಿಕೆಯಾದ ದಿನವೇ ಇಂಥದೇ ಯಂತ್ರದ ಬಗ್ಗೆ ಸೂಚನಾಪತ್ರ ಸಲ್ಲಿಸಿದ್ದರು. ಇಟಲಿಯ ಆಂಟೋನಿಯೋ ಮೆಯುಚ್ಚಿಯವರು ಅದಕ್ಕೂ ಮೊದಲೇ ಈ ದಾರಿಯಲ್ಲಿ ಶ್ರಮಿಸಿದ್ದರು. ಈ ಕಾರಣದಿಂದ ಬೆಲ್ಲರು ವರ್ಷಾನುಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು.

ದೂರವಾಣಿಯೇನೋ ಊರೂರಿಗೆ ಹಬ್ಬಿತು; ಆದರೆ ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಅಂದು ಒಂಟಿ ಕಬ್ಬಿಣದ ತಂತಿಯನ್ನು ಎಳೆದು, ಭೂಮಿಯನ್ನೇ ಮರಳುವ ದಾರಿಯಾಗಿ ಬಳಸುತ್ತಿದ್ದರು. ಅಕ್ಕಪಕ್ಕದ ತಂತಿಗಳ ಸದ್ದೆಲ್ಲ ಅದರೊಳಗೆ ನುಗ್ಗುತ್ತಿತ್ತು. 1881ರಲ್ಲಿ ಬೆಲ್ಲರು ಇದಕ್ಕೊಂದು ಉಪಾಯಕ್ಕೆ ಹಕ್ಕುಪತ್ರ ಪಡೆದರು. ಹೋಗಲು ಒಂದು, ಬರಲು ಒಂದು ಎಂದು ಎರಡು ತಂತಿಗಳನ್ನಿಟ್ಟು ಅವೆರಡನ್ನೂ ಹೊಸೆಯುವುದೇ ಆ ಉಪಾಯ. ಹೊಸೆದಾಗ ಅವು ಮತ್ತೆ ಮತ್ತೆ ಜಾಗ ಬದಲಾಯಿಸುತ್ತವೆ. ಆದ್ದರಿಂದ ಹೊರಗಿನ ಸದ್ದು ಎರಡರ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ಕೇಳುವ ಯಂತ್ರ ಗಮನಿಸುವುದು ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ. ಸಮನಾಗಿ ಬಿದ್ದದ್ದು ವ್ಯತ್ಯಾಸದಲ್ಲಿ ಕಳೆದುಹೋಗಿ, ಮಾತು ಉಳಿಯುತ್ತದೆ.

ಇದರ ಬೆಲೆ ನಮಗೆ ತಿಳಿದದ್ದು ನಮ್ಮ ಮನೆಯಲ್ಲೇ. ಕೇಬಲ್ ಎಳೆಸಿದಾಗ ಕೆಲಸದವರು ಎರಡು ತುದಿಗಳಲ್ಲೂ ಎಂಟು ತಂತಿಗಳನ್ನು ಜೋಡಿ ಜೋಡಿಯಾಗಿ ಸಾಲಿಗೆ ನಿಲ್ಲಿಸಿ ಪ್ಲಗ್ ಒತ್ತಿದ್ದರು. ಪರೀಕ್ಷಿಸುವ ಪೆಟ್ಟಿಗೆಯಲ್ಲಿ ಎಂಟೂ ದೀಪ ಹತ್ತಿದವು. ಆದರೂ ಸಂಪರ್ಕ ಕುಂಟುತ್ತಿತ್ತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕಾರಣ ತೋರಿಸಿದ. ಪ್ಲಗ್ಗಿನ 3 ಮತ್ತು 6ನೆಯ ಸ್ಥಾನಗಳು ಒಂದೇ ಜೋಡಿಗೆ ಸೇರಬೇಕು. ನಮ್ಮಲ್ಲಿ ಒಂದು ಹಸಿರು ಜೋಡಿಯದು, ಇನ್ನೊಂದು ನೀಲಿ ಜೋಡಿಯದು. ಹೊಸೆತವಿದ್ದೂ ಇಲ್ಲದಂತಾಗಿತ್ತು! ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎರಡೂ ತುದಿಗಳನ್ನು ಸರಿಪಡಿಸಿದೊಡನೆ ಎಲ್ಲವೂ ನೆಟ್ಟಗಾಯಿತು.

ಪೋಷಕರು ಇನ್ನೂ ಕೆಲವನ್ನು ಗಮನಿಸಬಹುದು. ಗೋಡೆಯೊಳಗೆ ಅಪ್ಪಟ ತಾಮ್ರದ ಕೇಬಲನ್ನೇ ಹಾಕಿಸಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಸಾಧಾರಣ ಮನೆಗೆ ಕ್ಯಾಟ್ 6 ಧಾರಾಳ ಸಾಕು. ಒಂದು ಎಳೆತ 100 ಮೀಟರ್ ಮೀರಬಾರದು. ಕರೆಂಟಿನ ವಯರಿನ ಪೈಪಿನಲ್ಲಿ ಇದನ್ನು ತೂರಿಸಬಾರದು. ಪ್ಲಗ್ಗಿನ ಬಳಿ ಹೊಸೆತವನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು.

ಕೀರ್ತಿ, ಸಂಪತ್ತು ಬಂದ ಮೇಲೂ ಬೆಲ್ಲರು ಕಿವುಡರ ಶಿಕ್ಷಣವನ್ನು ಮರೆಯಲಿಲ್ಲ. ಹೆಲೆನ್ ಕೆಲ್ಲರಳ ತಂದೆಗೆ ದಾರಿ ತೋರಿದವರು ಅವರೇ. 1887ರಲ್ಲಿ ಆ ಬಾಲೆಗೆ ಆನ್ ಸಲಿವನ್ ಎಂಬ ಗುರು ದೊರೆತದ್ದು ಅದರ ಫಲ. ಆದರೆ ಮಹನೀಯರೂ ತಪ್ಪುವುದುಂಟು. ಕಿವುಡ ಮಕ್ಕಳು ಬಾಯಿಮಾತನ್ನೇ ಕಲಿಯಬೇಕೆಂದು ಹಟ ಹಿಡಿದ ಅವರು, ಶಾಲೆಗಳಲ್ಲಿ ಕೈಸನ್ನೆಯ ಭಾಷೆಯನ್ನು ವಿರೋಧಿಸಿದರು. ತಮ್ಮ ಸಹಜ ಭಾಷೆಯನ್ನು ಕಳೆದುಕೊಂಡ ನೋವನ್ನು ಕಿವುಡ ಸಮುದಾಯದ ಅನೇಕರು ಇಂದಿಗೂ ಮರೆತಿಲ್ಲ. ಗಡಿಯಾಚೆ ಕನ್ನಡ ಕಲಿಯುತ್ತಿರುವ ನಮಗೆ ಆ ನೋವು ಅರ್ಥವಾಗದ್ದೇನಲ್ಲ.

1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದ ತಮ್ಮ ಮನೆಯಲ್ಲಿ ಬೆಲ್ಲರು ತೀರಿಕೊಂಡರು. ಅವರ ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿಗಳೆಲ್ಲ ಒಂದು ನಿಮಿಷ ಮೌನವಾದವು. ಜಗತ್ತಿಗೆಲ್ಲ ಮಾತು ತಲುಪಿಸಿದ ಆ ಯಂತ್ರದಲ್ಲಿ ಅವರ ದನಿಯನ್ನು ಅವರ ಹೆಂಡತಿ ಒಮ್ಮೆಯೂ ಕೇಳಲಾಗಲಿಲ್ಲ. ವಿದ್ಯಾರ್ಥಿಗಳೇ, ಮನೆಯ ಗೋಡೆಯೊಳಗಿನ ಆ ಹೊಸೆದ ತಂತಿಯನ್ನು ಕಂಡಾಗ, ತಾಯಿಯ ಹಣೆಯ ಬಳಿ ಬಾಯಿಟ್ಟು ಮಾತನಾಡಿದ ಆ ಬಾಲಕನನ್ನು ಒಮ್ಮೆ ನೆನೆಯೋಣ.