ಉಗ್ಗು ಹೋಗಲಿಲ್ಲ, ಮಾತು ನಿಲ್ಲಲಿಲ್ಲ: ಆರನೇ ಜಾರ್ಜ್ ಬದುಕು ಹೇಳುವುದೇನು?

ಕನ್ನೊಳ್ಳಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸದ ಸಂದರ್ಶನಕ್ಕೆ ಕೂತಿದ್ದಾನೆ ಎಂದುಕೊಳ್ಳಿ. ಯಾವ ಊರು ಎಂದು ಕೇಳುತ್ತಾರೆ. ಉತ್ತರ ಅವನಿಗೆ ಗೊತ್ತು, ಆದರೆ ಮೊದಲ ‘ಕ’ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಬೇರೆ ಮಾತಾದರೆ ಪದ ಬದಲಿಸಿ ಪಾರಾಗಬಹುದು. ಊರಿನ ಹೆಸರನ್ನಾಗಲಿ ತನ್ನ ಹೆಸರನ್ನಾಗಲಿ ಬದಲಿಸಲು ಬರುವುದಿಲ್ಲ. ಉಗ್ಗು ಇರುವ ಅನೇಕರಿಗೆ ಪರಿಚಯ ಹೇಳಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಗುವುದು ಇದರಿಂದಲೇ.

ಇದೇ ‘ಕ’ ಸದ್ದಿನ ಜೊತೆ ಹೆಣಗಿದ ಒಬ್ಬರ ಮುಖ ಒಂದು ಕಾಲಕ್ಕೆ ನಮ್ಮ ನಾಣ್ಯಗಳ ಮೇಲಿತ್ತು. ಅವರು ಬ್ರಿಟನ್ನಿನ ದೊರೆ ಆರನೇ ಜಾರ್ಜ್. ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಯ ಸಂತೆಗಳಲ್ಲೂ ಓಡಾಡಿದ ಆ ನಾಣ್ಯಗಳ ಮೇಲೆ ‘ಕಿಂಗ್’ ಎಂಬ ಪದವಿತ್ತು. ಆ ಪದವೇ ಅವರ ನಾಲಿಗೆಗೆ ಕಷ್ಟದ್ದಾಗಿತ್ತು! ಅವರ ಬದುಕಿನಿಂದ ಉಗ್ಗಿನ ಬಗ್ಗೆ ಏನು ತಿಳಿಯುತ್ತದೆ, ನೋಡೋಣ ಬನ್ನಿ.

ಉತ್ತರ ಗೊತ್ತಿದ್ದೂ ಸುಮ್ಮನಿದ್ದ ಹುಡುಗ

ಅವರು ಹುಟ್ಟಿದ್ದು 1895ರ ಡಿಸೆಂಬರ್ 14ರಂದು. ಆಗಿನ ಹೆಸರು ಆಲ್ಬರ್ಟ್. ಸುಮಾರು ಎಂಟನೇ ವಯಸ್ಸಿನ ಹೊತ್ತಿಗೆ ಉಗ್ಗು ಕಾಣಿಸಿಕೊಂಡಿತು. ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗನನ್ನು ಬಲಗೈಯಲ್ಲೇ ಬರೆಯುವಂತೆ ಒತ್ತಾಯಿಸಲಾಯಿತು. ತಂದೆಯೋ ಬಹಳ ಕಟ್ಟುನಿಟ್ಟಿನವರು.

ನೌಕಾ ಶಾಲೆಯಲ್ಲಿ ಅರ್ಧದ ಅರ್ಧ ಎಷ್ಟು ಎಂದು ಕೇಳಿದಾಗ ‘ಕ್ವಾರ್ಟರ್’ ಎಂಬ ಉತ್ತರ ಹೊರಡದೆ ಅವರು ಸುಮ್ಮನೆ ನಿಂತರೆಂದು ಜೀವನಚರಿತ್ರೆಗಳು ಹೇಳುತ್ತವೆ. ಮಾತು ತಡವಾದರೆ ಬುದ್ಧಿಯೇ ಕಡಿಮೆ ಎಂದು ಅಳೆಯುವುದು ಅಂದೂ ಇತ್ತು, ಇಂದೂ ಇದೆ. ಉಗ್ಗಿಗೂ ಬುದ್ಧಿಗೂ ಸಂಬಂಧವಿಲ್ಲ.

ವೆಂಬ್ಲಿಯಲ್ಲಿ ಆದದ್ದು

1925ರ ಅಕ್ಟೋಬರ್ 31ರಂದು ಲಂಡನ್ನಿನ ವೆಂಬ್ಲಿಯಲ್ಲಿ ದೊಡ್ಡ ವಸ್ತುಪ್ರದರ್ಶನವೊಂದರ ಸಮಾರೋಪ ಭಾಷಣ ಮಾಡುವ ಸರದಿ ಅವರಿಗೆ ಬಂತು. ಸಾವಿರಾರು ಜನರ ಮುಂದೆ ಮಾತು ಮತ್ತೆ ಮತ್ತೆ ಕಟ್ಟಿಕೊಂಡಿತು. ಬಾಯಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅದಕ್ಕೂ ಮುಂಚೆ ಹಲವರಿಂದ ಚಿಕಿತ್ಸೆ ಪಡೆದು ಸೋತಿದ್ದರಿಂದ ಅವರಿಗೆ ಇನ್ನೊಬ್ಬರ ಬಳಿ ಹೋಗುವ ಮನಸ್ಸೇ ಇರಲಿಲ್ಲ. ಹೆಂಡತಿ ಎಲಿಜಬೆತ್ ಒಪ್ಪಿಸಿದ ಮೇಲೆ, 1926ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಮೂಲದ ಲಯನೆಲ್ ಲೋಗ್ ಅವರನ್ನು ಕಂಡರು.

ಲೋಗ್ ವೈದ್ಯರಾಗಿರಲಿಲ್ಲ, ಮಾತಿನ ತರಬೇತುದಾರರಾಗಿದ್ದರು. ಮೊದಲ ಮಹಾಯುದ್ಧದಿಂದ ಮಾತು ಕೆಟ್ಟು ಮರಳಿದ ಸೈನಿಕರಿಗೆ ನೆರವಾಗಿ ಅನುಭವ ಪಡೆದಿದ್ದರು. ರಾಜಕುಮಾರ ತಾವಾಗಿ ತಮ್ಮ ಕೊಠಡಿಗೆ ಬರಬೇಕು, ಅಲ್ಲಿ ಇಬ್ಬರೂ ಸಮಾನರು ಎಂಬುದು ಅವರ ನಿಯಮ. ಹೊಟ್ಟೆಯಿಂದ ಉಸಿರೆಳೆಯುವುದು, ಸ್ವರಗಳನ್ನು ಎಳೆದು ಗಟ್ಟಿಯಾಗಿ ಹೇಳುವುದು, ಕಷ್ಟದ ಪದಗಳನ್ನು ಮೊದಲೇ ಗುರುತಿಸುವುದು, ಎಲ್ಲಿ ನಿಲ್ಲಬೇಕೆಂದು ಭಾಷಣದ ಪ್ರತಿಯಲ್ಲೇ ಗೆರೆ ಹಾಕುವುದು, ಇವು ಅವರ ಪಾಠಗಳು. ಸುಮಾರು 14 ತಿಂಗಳಲ್ಲಿ 80ಕ್ಕೂ ಹೆಚ್ಚು ಸಲ ಭೇಟಿಯಾದರು. ಮನೆಯಲ್ಲೂ ದಿನನಿತ್ಯ ಅಭ್ಯಾಸ ನಡೆಯಿತು.

ಸಿನಿಮಾದಲ್ಲಿ ಇಲ್ಲದ ಸಂಗತಿ

2010ರ ‘ದಿ ಕಿಂಗ್ಸ್ ಸ್ಪೀಚ್’ ಸಿನಿಮಾ ನೋಡಿದವರಿಗೆ, ಅವರು ಯುದ್ಧ ಶುರುವಾಗುವವರೆಗೂ ಒಂದು ಭಾಷಣವನ್ನೂ ಸರಿಯಾಗಿ ಮಾಡಲಾಗದೆ ಒದ್ದಾಡಿದರು ಎನಿಸಬಹುದು. ನಿಜದಲ್ಲಿ 1927ರ ಮೇ ತಿಂಗಳಲ್ಲೇ ಅವರು ಕ್ಯಾನ್‌ಬೆರಾದಲ್ಲಿ ಹೊಸ ಸಂಸತ್ ಭವನ ತೆರೆದು ಭಾಷಣ ಮಾಡಿದರು, ಅದು ಚೆನ್ನಾಗಿಯೇ ನಡೆಯಿತು.

ಹಾಗೆಂದು ಉಗ್ಗು ಹೋಗಿಬಿಟ್ಟಿತೇ? ಇಲ್ಲ. 1936ರ ಡಿಸೆಂಬರ್‌ನಲ್ಲಿ ಅಣ್ಣ ಸಿಂಹಾಸನ ಬಿಟ್ಟಾಗ ಬಯಸದೇ ಇದ್ದ ಪಟ್ಟ ಇವರ ಪಾಲಿಗೆ ಬಂತು. ಅದರೊಂದಿಗೆ ರೇಡಿಯೋ ಭಾಷಣಗಳೂ ಬಂದವು. ರೇಡಿಯೋದ ಕಷ್ಟ ನಮ್ಮ ಫೋನಿನ ಕಷ್ಟದಂಥದ್ದೇ. ಕೇಳುವವರ ಮುಖ ಕಾಣುವುದಿಲ್ಲ, ಮೌನವನ್ನು ಒಂದು ನಗುವಿನಿಂದಲೋ ಕೈಸನ್ನೆಯಿಂದಲೋ ತುಂಬಲಾಗುವುದಿಲ್ಲ. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದ ಸಂಜೆ ಅವರು ಸುಮಾರು ಆರು ನಿಮಿಷ ಮಾತನಾಡಿದರು. ಕೋಣೆಯಲ್ಲಿ ಜೊತೆಗಿದ್ದವರು ಲೋಗ್ ಒಬ್ಬರೇ. ಆ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಮಾತು ನಿಧಾನ, ನಡುವೆ ಉದ್ದನೆಯ ನಿಲುಗಡೆಗಳು. ಆದರೂ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದರು. ಲೋಗ್ ಪಕ್ಕದಲ್ಲಿಲ್ಲದೆ ಅವರು ಕ್ರಿಸ್‌ಮಸ್ ಭಾಷಣ ಮಾಡಿದ್ದು 1944ರಲ್ಲಿ, ಅಂದರೆ ಮೊದಲ ಪಾಠದ 18 ವರ್ಷಗಳ ನಂತರ. 1952ರ ಫೆಬ್ರುವರಿ 6ರಂದು ಅವರು ತೀರಿಕೊಂಡರು.

ಉಗ್ಗು ಯಾಕೆ ಬರುತ್ತದೆ?

ಹೆದರಿದ್ದರಿಂದ ಬಂತು, ಇನ್ನೊಬ್ಬರನ್ನು ಅಣಕಿಸಿದ್ದರಿಂದ ಅಂಟಿತು ಎಂಬ ಮಾತುಗಳಿಗೆ ಆಧಾರವಿಲ್ಲ. ಎಡಗೈ ಬಿಡಿಸಿದ್ದೇ ಕಾರಣ ಎನ್ನುವುದಕ್ಕೂ ಗಟ್ಟಿ ಪುರಾವೆಯಿಲ್ಲ. ಮಾತಿನ ಚಲನೆಗಳನ್ನು ಹೊಂದಿಸುವ ಮೆದುಳಿನ ಜಾಲದಲ್ಲಿನ ವ್ಯತ್ಯಾಸ ಮತ್ತು ವಂಶವಾಹಿಗಳ ಪಾತ್ರ ಇದರಲ್ಲಿದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಒತ್ತಡ, ಆತುರಗಳು ಅದನ್ನು ಹೆಚ್ಚಿಸುತ್ತವೆ, ಹುಟ್ಟಿಸುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಸುಮಾರು ಶೇ. 5ರಷ್ಟು ಮಂದಿಗೆ ಇದು ಕಾಣಿಸಿಕೊಂಡರೂ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು ಸುಮಾರು ಶೇ. 1ರಷ್ಟು ಮಂದಿಗೆ.

ನಾಲಿಗೆಗೆ ಬಜೆ ತಿಕ್ಕುವುದು, ಬಾಯಲ್ಲಿ ಕಲ್ಲಿಟ್ಟು ಮಾತಾಡಿಸುವುದು ಪರಿಹಾರವಲ್ಲ. ಕಲ್ಲು ಗಂಟಲಿಗಿಳಿದರೆ ಜೀವಕ್ಕೇ ಅಪಾಯ.

ನಾವು ಮಾಡಬಹುದಾದ್ದೇನು?

ಪರಿಚಯ: ಹೆಸರು, ಊರು ಹೇಳುವ ಮುನ್ನ ಆರಾಮವಾಗಿ ಉಸಿರು ಬಿಡಿ. ಮೊದಲ ಅಕ್ಷರವನ್ನು ಒತ್ತಿ ತಳ್ಳದೆ ಮೆಲ್ಲಗೆ ಶುರು ಮಾಡಿ. ‘ಕ’ ಹೇಳುವಾಗ ನಾಲಿಗೆಯ ಹಿಂಭಾಗ ಅಂಗುಳಕ್ಕೆ ಅಂಟಿ ಗಾಳಿ ತಡೆಯುತ್ತದೆ. ಬಲ ಹಾಕಿದಷ್ಟೂ ಅದು ಬಿಗಿಯಾಗುತ್ತದೆ.

ಸಂದರ್ಶನ: ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಬೇಕಾಗಬಹುದು ಎಂದು ಮೊದಲೇ ಹೇಳಿಬಿಡಿ. ಮುಚ್ಚಿಡುವ ಹೊರೆ ಇಳಿದರೆ ಅನೇಕರಿಗೆ ಮಾತೂ ಸಲೀಸಾಗುತ್ತದೆ.

ಭಾಷಣ: ಆರನೇ ಜಾರ್ಜ್ ಅವರ ಪ್ರತಿಯಲ್ಲಿದ್ದಂತೆ ನಿಲ್ಲುವ ಜಾಗಕ್ಕೆ ಗೆರೆ ಹಾಕಿಕೊಳ್ಳಿ. ಮೊದಲು ಒಬ್ಬರ ಮುಂದೆ, ಆಮೇಲೆ ನಾಲ್ವರ ಮುಂದೆ ಗಟ್ಟಿಯಾಗಿ ಓದಿ.

ಫೋನ್: ಹೇಳಬೇಕಾದ ಎರಡು ಮೂರು ಅಂಶಗಳನ್ನು ಬರೆದಿಟ್ಟುಕೊಳ್ಳಿ. ಪರಿಚಿತರಿಗೆ ಕರೆ ಮಾಡಿ ಅಭ್ಯಾಸ ಶುರು ಮಾಡಿ.

ಮಗುವಿನ ಉಗ್ಗು ಆರು ತಿಂಗಳಾದರೂ ಹೋಗದಿದ್ದರೆ ಅಥವಾ ಮಗು ಮಾತಾಡಲು ಹಿಂಜರಿಯುತ್ತಿದ್ದರೆ ವಾಕ್ ಚಿಕಿತ್ಸಕರನ್ನು ಕಾಣಿ. ದೊಡ್ಡವರೂ ಹೋಗಬಹುದು. ಮೈಸೂರಿನಲ್ಲಿ 1965ರಿಂದ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಇನ್ನು ಕೇಳುವವರ ಕೆಲಸ. ನಿಧಾನ ಮಾತಾಡು ಎಂದು ಬುದ್ಧಿ ಹೇಳಬೇಡಿ, ಅವರ ಪದವನ್ನು ನೀವೇ ಪೂರೈಸಬೇಡಿ. ಒಂದು ಸಾಮ್ರಾಜ್ಯ ತನ್ನ ದೊರೆಯ ಮಾತಿಗಾಗಿ ಕಾಯಿತು. ಎದುರಿಗಿರುವವರ ಮಾತು ಮುಗಿಯುವ ತನಕ ಕೆಲವು ಸೆಕೆಂಡು ಕಾಯುವುದು ನಮಗೂ ಕಷ್ಟವಲ್ಲ.