ಮುದ್ದೇನಹಳ್ಳಿಯ ಹುಡುಗ ಪುಣೆಯ ಕಾಲೇಜು ಸೇರಿದ ಬಗೆ

ಬೆಂಗಳೂರು : ಸಿಇಟಿ ಫಲಿತಾಂಶ ಹೊರಬಿದ್ದೊಡನೆ ನಗರದ ಮನೆಮನೆಯಲ್ಲೂ ಒಂದೇ ಚರ್ಚೆ. ಯಾವ ಕಾಲೇಜು, ಯಾವ ವಿಭಾಗ, ಎಷ್ಟು ಶುಲ್ಕ, ಮನೆಯಿಂದ ಎಷ್ಟು ದೂರ? ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ.ನಗರದ ಪೋಷಕರಿಗೆ ಇಂದು ಆಯ್ಕೆಗಳು ಹೆಚ್ಚಾಗಿರುವುದೇ ಚಿಂತೆ. ಸುಮಾರು 145 ವರ್ಷಗಳ ಹಿಂದೆ ಇದೇ ಬಳ್ಳಾರಿ ರಸ್ತೆಯ ಆಚೆ ತುದಿಯಿಂದ ಬಂದ ಬಡ ವಿದ್ಯಾರ್ಥಿಯೊಬ್ಬನ ಚಿಂತೆ ಬೇರೆಯದಾಗಿತ್ತು. ಅವನು ಕಲಿಯಬಯಸಿದ ವಿದ್ಯೆಯನ್ನು ಹೇಳಿಕೊಡುವ ಕಾಲೇಜು ಇಡೀ ಮೈಸೂರು ಸಂಸ್ಥಾನದಲ್ಲಿ ಒಂದೂ ಇರಲಿಲ್ಲ. ಆ ವಿದ್ಯಾರ್ಥಿಯೇ ಮುಂದೆ ಸರ್ ಎಂ. ವಿಶ್ವೇಶ್ವರಯ್ಯ ಎಂದು ನಾಡಿಗೆ ನಾಡೇ ಗೌರವಿಸಿದ ಮಹನೀಯರು.

ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಜನ್ಮದಿನ. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ, ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಮುದ್ದೇನಹಳ್ಳಿ ಅವರ ಹುಟ್ಟೂರು. ನಂದಿಬೆಟ್ಟದ ಆಸುಪಾಸಿನ ಈ ಹಳ್ಳಿ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮೋಕ್ಷಗುಂಡಂ ಎಂಬುದು ಪೂರ್ವಜರು ಬಿಟ್ಟುಬಂದ ಆಂಧ್ರದ ಊರಿನ ಹೆಸರು. ಮನೆಯಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ, ಹಣಕ್ಕೆ ಇತ್ತು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ನಡೆಯಿತು. ಹುಡುಗನಿಗೆ ತಿಳಿವಳಿಕೆ ಬರುವ ವಯಸ್ಸಿನಲ್ಲೇ ತಂದೆ ತೀರಿಕೊಂಡರು.

ಮುಂದಿನ ಓದಿಗೆ ಬೆಂಗಳೂರಿಗೆ ಬರುವುದು ಅನಿವಾರ್ಯವಾಯಿತು. ನಗರದಲ್ಲಿ ಸೋದರಮಾವ ಎಚ್. ರಾಮಯ್ಯನವರ ಆಸರೆ ಸಿಕ್ಕಿತು. ವೆಸ್ಲಿಯನ್ ಮಿಷನ್ ಪ್ರೌಢಶಾಲೆಯ ಓದು ಮುಗಿಸಿದ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನ ಮೆಟ್ಟಿಲು ಹತ್ತಿದರು. 1858ರಲ್ಲಿ ಬೆಂಗಳೂರು ಹೈಸ್ಕೂಲ್ ಎಂದು ಆರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆದ ಈ ಸಂಸ್ಥೆ ಆಗ ಮದ್ರಾಸ್ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯ ಇರಲಿಲ್ಲವಾದ್ದರಿಂದ ಬೆಂಗಳೂರಿನಲ್ಲಿ ಓದಿದವರಿಗೂ ಪದವಿ ಬರುತ್ತಿದ್ದುದು ಮದ್ರಾಸಿನಿಂದಲೇ.

ಕ್ಷಾಮದ ವರ್ಷಗಳ ಓದು

ಅದು ಸುಖದ ಕಾಲವಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಅಳಿದುಹೋಯಿತು. ಮಳೆಯನ್ನೇ ನಂಬಿದ ಬಯಲುಸೀಮೆಯ ಜಿಲ್ಲೆಗಳು ತತ್ತರಿಸಿದವು. ಕೆರೆ ಬತ್ತಿದರೆ ಊರೇ ಬತ್ತುತ್ತದೆ ಎಂಬುದನ್ನು ಆ ತಲೆಮಾರಿನವರಿಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ.

ಕಾಲೇಜಿನ ಖರ್ಚು ತೂಗಿಸಲು ವಿಶ್ವೇಶ್ವರಯ್ಯನವರು ಮನೆಪಾಠ ಹಿಡಿದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೊಡಗಿನ ಮುದ್ದಯ್ಯ ಎಂಬುವರ ಮನೆಯ ಮಕ್ಕಳಿಗೆ ಪಾಠ ಹೇಳುವುದು, ಅಲ್ಲಿಯೇ ವಾಸ, ಊಟಕ್ಕೆ ಸೋದರಮಾವನ ಮನೆ. ಪ್ರತಿದಿನ ಎರಡು ಮನೆಗಳ ನಡುವೆ ಕಾಲ್ನಡಿಗೆ. ಇದರ ಮಧ್ಯೆಯೇ ತಮ್ಮ ಓದು. ಈ ಶಿಸ್ತಿನ ವಿದ್ಯಾರ್ಥಿ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರ ಕಣ್ಣಿಗೆ ಬಿದ್ದನು. ಗಣಿತದಲ್ಲಿ ಹುಡುಗನಿಗಿದ್ದ ಹಿಡಿತವನ್ನು ಗುರುತಿಸಿದ ವಾಟರ್ಸ್ ಅವರ ಪ್ರೀತಿ ಕೊನೆಯವರೆಗೂ ಉಳಿಯಿತು.

1881ರಲ್ಲಿ ಬಿ.ಎ. ಪದವಿ ಕೈಸೇರಿತು. ಆ ಕಾಲದಲ್ಲಿ ಬಿ.ಎ. ಎಂದರೆ ಸರ್ಕಾರಿ ಕಚೇರಿಯ ಬಾಗಿಲು ತೆರೆದಂತೆಯೇ. ತಂದೆಯಿಲ್ಲದ, ಆಸ್ತಿಯಿಲ್ಲದ ಮನೆಯ ಹುಡುಗನೊಬ್ಬ ಗುಮಾಸ್ತೆಯ ಅಥವಾ ಶಿಕ್ಷಕನ ಹುದ್ದೆ ಹಿಡಿದು ತಾಯಿಯನ್ನು ನೋಡಿಕೊಳ್ಳುವುದು ಸಹಜ ದಾರಿಯಾಗಿತ್ತು. ಎಂಜಿನಿಯರಿಂಗ್ ಓದುವುದೆಂದರೆ ಸಂಪಾದನೆಯನ್ನು ಇನ್ನೂ ಕೆಲ ವರ್ಷ ಮುಂದೂಡಿ, ಪರವೂರಿಗೆ ಹೋಗಿ, ಪರಭಾಷೆಯ ನಡುವೆ ಬದುಕಬೇಕಿತ್ತು. ವಿಶ್ವೇಶ್ವರಯ್ಯನವರು ಎರಡನೆಯ ದಾರಿಯನ್ನೇ ಆರಿಸಿಕೊಂಡರು.

ಪುಣೆಯೇ ಏಕೆ?

ಆಗ ಇಡೀ ಭಾರತದಲ್ಲಿ ಎಂಜಿನಿಯರಿಂಗ್ ಕಲಿಸುವ ಪ್ರಮುಖ ಕಾಲೇಜುಗಳು ಬೆರಳೆಣಿಕೆಯಷ್ಟು. ಉತ್ತರದಲ್ಲಿ ರೂರ್ಕಿ, ಪೂರ್ವದಲ್ಲಿ ಕಲ್ಕತ್ತೆ ಬಳಿಯ ಶಿಬಪುರ, ದಕ್ಷಿಣದಲ್ಲಿ ಮದ್ರಾಸು, ಪಶ್ಚಿಮದಲ್ಲಿ ಪುಣೆ. ಲೋಕೋಪಯೋಗಿ ಇಲಾಖೆಯ ಉನ್ನತ ಹುದ್ದೆಗಳಿಗೆ ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ತಯಾರಾದವರೇ ಹೆಚ್ಚಾಗಿ ಬರುತ್ತಿದ್ದರು. ಭಾರತದ ಕಾಲೇಜುಗಳಲ್ಲಿ ಓದಿದವರಿಗೆ ಉಳಿಯುತ್ತಿದ್ದ ಖಾತ್ರಿ ಹುದ್ದೆಗಳು ಅತ್ಯಲ್ಪ. ಪುಣೆಯ ಸೈನ್ಸ್ ಕಾಲೇಜಿನ ಅಂತಿಮ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವರಿಗೆ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ನೇಮಕಾತಿಯ ಭರವಸೆ ಇತ್ತು. ಮೊದಲನೆಯವನಾದರೆ ಬದುಕು ನೆಲೆಗೊಂಡಿತು, ಎರಡನೆಯವನಾದರೆ ಮತ್ತೆ ಅಲೆದಾಟ.

ಕಾಲವೂ ಕೂಡಿಬಂತು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ 1881ರ ಮಾರ್ಚ್‌ನಲ್ಲಿ ಮೈಸೂರು ಸಂಸ್ಥಾನ ಮರಳಿ ಒಡೆಯರ ಕೈಗೆ ಬಂದಿತ್ತು. ಹತ್ತನೇ ಚಾಮರಾಜ ಒಡೆಯರ ದಿವಾನರಾಗಿದ್ದ ಸಿ. ರಂಗಾಚಾರ್ಲು ಅವರಿಗೆ ಸಂಸ್ಥಾನದವರೇ ಆದ ವಿದ್ಯಾವಂತ ತರುಣರು ಬೇಕಾಗಿದ್ದರು. ಪ್ರಾಂಶುಪಾಲ ವಾಟರ್ಸ್ ಅವರ ಪ್ರೋತ್ಸಾಹ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಎರಡೂ ಸೇರಿ ಪುಣೆಯ ಪ್ರವೇಶ ಸಾಧ್ಯವಾಯಿತು.

ಇಂದಿನಂತೆ ಯಶವಂತಪುರದಲ್ಲಿ ರೈಲು ಹತ್ತಿ ಪುಣೆಯಲ್ಲಿ ಇಳಿಯುವ ಅನುಕೂಲ ಆಗ ಇರಲಿಲ್ಲ. ಬೆಂಗಳೂರಿನಿಂದ ತುಮಕೂರು, ಹುಬ್ಬಳ್ಳಿಯ ಕಡೆಗೆ ರೈಲು ಹಳಿಯೇ ಬಿದ್ದಿರಲಿಲ್ಲ. ಪುಣೆಗೆ ರೈಲಿನಲ್ಲಿ ಹೋಗಬೇಕಾದವರು ಮೊದಲು ಪೂರ್ವಕ್ಕೆ ಜೋಲಾರಪೇಟೆ, ಅರಕ್ಕೋಣಂಗೆ ಹೋಗಿ, ಅಲ್ಲಿಂದ ರಾಯಚೂರು, ಸೊಲ್ಲಾಪುರದ ಮಾರ್ಗವಾಗಿ ಅರ್ಧ ದಕ್ಷಿಣ ಭಾರತವನ್ನೇ ಸುತ್ತಬೇಕಿತ್ತು.

ಪುಣೆಯಲ್ಲಿ ವಿಶ್ವೇಶ್ವರಯ್ಯನವರು ವಿದ್ಯಾರ್ಥಿವೇತನದ ಮಿತಿಯಲ್ಲೇ ಬದುಕಿ ಓದಿದರು. 1883ರ ಪರೀಕ್ಷೆಯಲ್ಲಿ ಇಡೀ ಮುಂಬೈ ಪ್ರಾಂತಕ್ಕೆ ಮೊದಲಿಗರಾಗಿ ಜೇಮ್ಸ್ ಬರ್ಕ್ಲಿ ಬಹುಮಾನ ಪಡೆದರು. ಭರವಸೆಯ ಹುದ್ದೆ ಅವರದಾಯಿತು. 1884ರಲ್ಲಿ ಸಹಾಯಕ ಎಂಜಿನಿಯರ್ ಆಗಿ ನಾಸಿಕದಲ್ಲಿ ಸೇವೆ ಆರಂಭಿಸಿದರು. ವಾಟರ್ಸ್ ಅವರು ತಮ್ಮ ಈ ಶಿಷ್ಯನಿಗೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ ಚಿನ್ನದ ಗುಂಡಿಗಳು ಮುಂದೆ ಇಂಗ್ಲೆಂಡಿನಿಂದ ಬಂದು ತಲುಪಿದವು.

ಸಾಲ ತೀರಿಸಿದ ಪರಿ

ಮೈಸೂರಿನ ಹಣದಿಂದ ಕಲಿತ ವಿದ್ಯೆ ಮೊದಲ ಕಾಲು ಶತಮಾನ ಮುಂಬೈ ಪ್ರಾಂತಕ್ಕೆ ಸಂದಿತು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಹೆಸರನ್ನು ದೇಶದಾಚೆಗೂ ಒಯ್ದವು. ನೀರಿನ ಮಟ್ಟ ಮಿತಿಮೀರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳವು. ಮುಂಬೈ ಸೇವೆಯಿಂದ ನಿವೃತ್ತರಾಗಿ, ಮೂಸಿ ನದಿಯ ಪ್ರವಾಹಕ್ಕೆ ಸಿಕ್ಕಿ ನಲುಗಿದ್ದ ಹೈದರಾಬಾದಿಗೆ ರಕ್ಷಣಾ ಯೋಜನೆ ರೂಪಿಸಿಕೊಟ್ಟ ಬಳಿಕ 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಮರಳಿದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು.

ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಗೊತ್ತು. ದಿವಾನರ ಇನ್ನೊಂದು ಕಾಮಗಾರಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ತಾವು ಓದುವಾಗ ಇಲ್ಲದ ಸಂಸ್ಥೆಗಳನ್ನು ಅವರು ಒಂದೊಂದಾಗಿ ಕಟ್ಟುತ್ತಾ ಹೋದರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ರಾಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ನೀಡಿದ 30 ಎಕರೆ ಜಮೀನಿನಲ್ಲಿ ನಡೆಯುತ್ತಿದ್ದ ಪ್ರಯೋಗ ಕ್ಷೇತ್ರವೇ ಅದಕ್ಕೆ ನೆಲೆ. ಆ ಶಾಲೆಯ ಬೇರಿನಿಂದಲೇ 1946ರಲ್ಲಿ ಕೃಷಿ ಕಾಲೇಜು, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯ ಬೆಳೆದವು. 1915ರಲ್ಲಿ ಯಶವಂತಪುರದಿಂದ ಯಲಹಂಕ, ದೇವನಹಳ್ಳಿ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಕಿರು ರೈಲು ಓಡಿತು.

1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಜನ್ಮತಾಳಿತು. ದೇಶೀ ಸಂಸ್ಥಾನವೊಂದರಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾಲಯವದು. ಸೆಂಟ್ರಲ್ ಕಾಲೇಜು ಮದ್ರಾಸಿನ ನಂಟು ಕಳಚಿಕೊಂಡು ಅದರ ತೆಕ್ಕೆಗೆ ಬಂತು. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದು ಕೆ.ಆರ್. ವೃತ್ತದಲ್ಲಿ ಯುವಿಸಿಇ ಎಂದು ಪ್ರಸಿದ್ಧವಾಗಿರುವ, ಅವರ ಹೆಸರನ್ನೇ ಹೊತ್ತ ಸಂಸ್ಥೆ ಅದೇ. ಎಂಜಿನಿಯರಿಂಗ್‌ಗಾಗಿ ಕನ್ನಡದ ಹುಡುಗರು ಪುಣೆಗೋ ಮದ್ರಾಸಿಗೋ ಹೋಗಲೇಬೇಕೆಂಬ ಕಟ್ಟು ಅಂದಿಗೆ ಸಡಿಲವಾಯಿತು. ಕಾನೂನು ಓದುವವರು ಮಾತ್ರ ಇನ್ನೂ ಮೂರು ದಶಕ ಕಾಯಬೇಕಾಯಿತು. ಮುಂದೆ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯ, ಎಸ್. ನಿಜಲಿಂಗಪ್ಪ ಇಬ್ಬರೂ ಕಾನೂನು ಪದವಿ ಪಡೆದದ್ದು ಪುಣೆಯಲ್ಲಿ. ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ಆರಂಭವಾದದ್ದು 1948ರಲ್ಲಿ.

ಯಾರಿಗೆ ಎಷ್ಟು ಪಾಲು?

ಕಾಲೇಜು ಕಟ್ಟಿದ ಮೇಲೆ ಹುಟ್ಟುವ ಪ್ರಶ್ನೆ, ಅದರ ಫಲ ಯಾರಿಗೆ ಎಂಬುದು. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚಿನ ಸಂಖ್ಯೆಯಲ್ಲಿದ್ದರು. ಉಳಿದ ಸಮುದಾಯಗಳು ಪ್ರಜಾಮಿತ್ರ ಮಂಡಳಿಯ ಮೂಲಕ ತಮ್ಮ ಪಾಲು ಕೇಳಿದವು. ಈ ಬೇಡಿಕೆ ನ್ಯಾಯವಾದುದೆಂದು ಕಂಡ ಮಹಾರಾಜರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದರು. ಶಿಕ್ಷಣವನ್ನು ಎಲ್ಲರಿಗೂ ವಿಸ್ತರಿಸಬೇಕು, ಆದರೆ ಹುದ್ದೆ ಅರ್ಹತೆಯ ಮೇಲೆಯೇ ಸಿಗಬೇಕು ಎಂಬುದು ದಿವಾನರ ನಿಲುವಾಗಿತ್ತು. ಪರೀಕ್ಷೆಯಲ್ಲಿ ಮೊದಲಿಗರಾಗಿ ಬದುಕು ಕಟ್ಟಿಕೊಂಡವರಿಗೆ ಆ ನಿಲುವು ಸಹಜ. ಆದರೆ ಪರೀಕ್ಷೆಯ ಕೋಣೆಯವರೆಗೆ ಬರಲು ಸೋದರಮಾವನ ಮನೆಯ ಊಟ, ಓದು ಬಲ್ಲ ಹಿರಿಯರು, ನಗರದಲ್ಲಿ ನೆಂಟರು ಇಲ್ಲದ ಸಾವಿರಾರು ಮನೆಗಳು ಸಂಸ್ಥಾನದಲ್ಲಿದ್ದವು ಎಂಬುದೂ ಅಷ್ಟೇ ಸತ್ಯ. ಭಿನ್ನಾಭಿಪ್ರಾಯ ಬಗೆಹರಿಯಲಿಲ್ಲ. ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿಯಿಂದ ಹೊರಬಂದರು.

1919ರಲ್ಲಿ ವರದಿ ನೀಡಿದ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧ, ಕೆಳಹಂತದ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಕರ್ನಾಟಕದ ಮೀಸಲಾತಿ ವ್ಯವಸ್ಥೆಯ ಬೇರು ಅಲ್ಲಿದೆ. ಇಂದು ಸಿಇಟಿ ಸೀಟು ಹಂಚಿಕೆಯ ಪಟ್ಟಿಯಲ್ಲಿ ಕಾಣುವ ರ‍್ಯಾಂಕ್ ಮತ್ತು ಪ್ರವರ್ಗ ಎರಡೂ ಆ ಕಾಲದ ವಾದದ ಎರಡು ಮುಖಗಳೇ.

ಹುದ್ದೆ ಬಿಟ್ಟ ಮೇಲೂ ವಿದ್ಯಾಸಂಸ್ಥೆಗಳ ಕುರಿತ ಅವರ ಆಸ್ಥೆ ಕುಗ್ಗಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಿದ್ದಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವೃತ್ತಿಶಿಕ್ಷಣ ಸಂಸ್ಥೆಗೆ ವಿನಿಯೋಗಿಸುವಂತೆ ಕೋರಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಪದವಿಯ ಕಾಲೇಜಿಗೆ ಹೋಗಲಾಗದ ಹುಡುಗರೂ ಕೈಕಸುಬು ಕಲಿತು ಬದುಕಲಿ ಎಂಬುದು ಅದರ ಉದ್ದೇಶವಾಗಿತ್ತು.

1955ರಲ್ಲಿ ಭಾರತರತ್ನ ಗೌರವ ಅವರಿಗೆ ಸಂದಿತು. 1960ರಲ್ಲಿ ತಮ್ಮ ಜನ್ಮಶತಮಾನೋತ್ಸವವನ್ನು ತಾವೇ ಕಂಡ ಅಪರೂಪದ ಭಾಗ್ಯವೂ ಅವರದಾಯಿತು. 1962ರ ಏಪ್ರಿಲ್‌ನಲ್ಲಿ ನಿಧನರಾದರು. ಅಂತ್ಯಸಂಸ್ಕಾರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿಯೇ ನಡೆಯಿತು.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ, ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಮಾನ್ಯತೆ ನೀಡುವ ತಾಂತ್ರಿಕ ವಿಶ್ವವಿದ್ಯಾಲಯ ಅವರ ಹೆಸರಿನದು. ಯಲಹಂಕ ದಾಟಿ ಹುಣಸಮಾರನಹಳ್ಳಿಯಲ್ಲಿ 1986ರಿಂದ ನಡೆಯುತ್ತಿರುವ ಕಾಲೇಜೂ ಅವರ ಹೆಸರಿನದೇ. ಬೆಳಗಿನ ಹೊತ್ತು ಹೆಬ್ಬಾಳದ ಮೇಲ್ಸೇತುವೆ ದಾಟಿ ವಿದ್ಯಾರ್ಥಿಗಳನ್ನು ತುಂಬಿಕೊಂಡ ಬಸ್ಸುಗಳು ಸಾಲುಸಾಲಾಗಿ ಆ ದಿಕ್ಕಿಗೆ ಓಡುತ್ತವೆ. ಅದೇ ರಸ್ತೆಯಲ್ಲಿ ಇನ್ನಷ್ಟು ದೂರ ಸಾಗಿದರೆ ಚಿಕ್ಕಬಳ್ಳಾಪುರ, ಅದರ ಸಮೀಪ ಮುದ್ದೇನಹಳ್ಳಿ, ಅಲ್ಲಿ ಸ್ಮಾರಕವಾಗಿ ಉಳಿಸಿಕೊಂಡ ಅವರ ಮನೆ. ಆ ಮನೆಯಿಂದ ಹೊರಟ ಹುಡುಗನಿಗೆ ಬೇಕಾದ ಕಾಲೇಜು ಈ ದಾರಿಯಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ.